ಬಿಳಿ ಹೊಗೆಗೆ ಮಜ್ಜಿಗೆ, ನೀಲಿ ಹೊಗೆಗೆ ಕಷಾಯ

ಮನೆಯ ಅಂಗಳದಲ್ಲೇ ಲಾರಿ ರಿಪೇರಿ ಶೆಡ್ಡು ಇಟ್ಟುಕೊಂಡವರು ನಗುವುದಕ್ಕೆಂದು ಬೇರೆ ಕಡೆ ಹೋಗಬೇಕಾಗಿಲ್ಲ. ವಾರಕ್ಕೊಂದು ಪ್ರಸಂಗ ತಾನಾಗಿಯೇ ಹಾರ್ನ್ ಹೊಡೆದುಕೊಂಡು ಗೇಟಿನೊಳಗೆ ಬರುತ್ತದೆ.

ನಾನು ಹುಟ್ಟಿದ್ದು ಬೀದರ್ ಹತ್ತಿರದ ಒಂದು ಹಳ್ಳಿಯಲ್ಲಿ. ಹೆದ್ದಾರಿ ಬದಿಗೆ ನಮ್ಮಪ್ಪನ ಖಾನಾವಳಿ ಇತ್ತು. ಅದರ ಮುಂದೆ ಕೆಟ್ಟು ನಿಂತ ಲಾರಿಯೊಂದನ್ನು ಸರಿಮಾಡಲು ಮೈಸೂರಿನಿಂದ ಬಂದ ಹುಡುಗ ಮೂರು ದಿನ ನಮ್ಮಲ್ಲೇ ರೊಟ್ಟಿ ತಿಂದ. ನಾಲ್ಕನೇ ದಿನ ಲಾರಿ ಹೊರಟಿತು, ಹುಡುಗ ಹೊರಡಲಿಲ್ಲ. ಈಗ ಆ ಹುಡುಗನಿಗೆ ಎಪ್ಪತ್ತೆರಡು, ನನಗೆ ಅರವತ್ತೆಂಟು. ಮೈಸೂರಿನ ವಿಜಯನಗರ ಬಡಾವಣೆಯ ಅಂಚಿನಲ್ಲಿ, ಸುತ್ತ ಒಂದೂ ಮನೆಯಿಲ್ಲದ ಕಾಲದಲ್ಲಿ ಹಾಕಿದ ಶೆಡ್ಡು ನಮ್ಮದು. ಈಗ ನಾಲ್ಕೂ ಕಡೆ ಮಹಡಿ ಮನೆಗಳೆದ್ದಿವೆ, ನಡುವೆ ನಾವು ಹೊಗೆ ಬಿಡುತ್ತಾ ಕೂತಿದ್ದೇವೆ.

ನಮ್ಮ ಯಜಮಾನರನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಾರೆ. ಸ್ಪ್ಯಾನರ್ ಮುಟ್ಟುವ ಮೊದಲೇ, ಸೈಲೆನ್ಸರ್ ಬಾಯಿಂದ ಬರುವ ಹೊಗೆ ನೋಡಿ ಇಂಜಿನ್ನಿನ ಕಾಯಿಲೆ ಹೇಳುವವರು ಎಂದು ಅವರ ಹೆಸರು. ಅದರ ಲೆಕ್ಕ ಸುಲಭ. ಹೊಗೆ ಕಪ್ಪಗಿದ್ದರೆ ಗಾಳಿ ಸಾಲದು, ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು. ಅದು ನೆಗಡಿ ಇದ್ದ ಹಾಗೆ. ಬೆಳ್ಳಗಿದ್ದು ಆರದೆ ಬರುತ್ತಲೇ ಇದ್ದರೆ ಇಂಜಿನ್ನಿನೊಳಕ್ಕೆ ನೀರು ಸೇರುತ್ತಿದೆ, ಅದನ್ನು ತಡೆಯುವ ಹೆಡ್ ಗ್ಯಾಸ್ಕೆಟ್ ಬದಲಿಸಬೇಕು. ಅದು ಮಲೇರಿಯಾ. ನೀಲಿಯಾಗಿದ್ದರೆ ಇಂಜಿನ್ನು ತನ್ನ ಆಯಿಲನ್ನೇ ಸುಡುತ್ತಿದೆ, ಪಿಸ್ಟನ್ನಿನ ರಿಂಗ್ ಸವೆದಿದೆ, ಪೂರ್ತಿ ಬಿಚ್ಚಬೇಕು. ಅದನ್ನು ಕೇಳಿದ ಲಾರಿ ಮಾಲೀಕರು ಮನೆಗೆ ಫೋನ್ ಮಾಡಿ ಮಾತಾಡುತ್ತಾರೆ.

೧. ಹಿಡಿಸದ ಗ್ಯಾಸ್ಕೆಟ್

ಹೋದ ವರ್ಷ ಇಟ್ಟಿಗೆ ಸಾಗಿಸುವ ಒಂದು ಹಳೇ ಲಾರಿ ಬಂತು. ಅದರ ಮಾಲೀಕರು ಹತ್ತಿರದ ಹಳ್ಳಿಯವರು, ಹೊಲವನ್ನು ತಮ್ಮನಿಗೆ ಬಿಟ್ಟು ಈ ಒಂದೇ ಲಾರಿಯಲ್ಲಿ ಸಂಸಾರ ಎಳೆಯುತ್ತಿದ್ದಾರೆ. ಲಾರಿಗೆ ಅವರ ದೊಡ್ಡ ಮಗಳಿಗಿಂತ ಎರಡು ವರ್ಷ ಹೆಚ್ಚು ವಯಸ್ಸು.

"ಎರಡು ತಿಂಗಳಿಗೆ ಎಫ್.ಸಿ. ಅದೆ ಮೇಸ್ತ್ರಿ," ಎಂದರು. ಎಫ್.ಸಿ. ಎಂದರೆ ಲಾರಿ ರಸ್ತೆಯಲ್ಲಿ ಓಡಬಹುದು ಎಂದು ಸರ್ಕಾರ ಕೊಡುವ ಪತ್ರ. "ಈ ಪಾಟಿ ಹೊಗೆ ಬುಟ್ಕೊಂಡ್ ಹೋದ್ರೆ ಪಾಸ್ ಮಾಡಾಕಿಲ್ಲ. ಪಾಸಾಗ್ನಿಲ್ಲ ಅಂದ್ರೆ ಇವಳ್ನ ಗುಜರಿಗೆ ಹಾಕ್ಬೇಕು. ಆಮ್ಯಾಕೆ ನಾನೂ ಗುಜರಿನೇ."

ಯಜಮಾನರು ಕಣ್ಣು ಕಿರಿದು ಮಾಡಿ ಹೊಗೆ ನೋಡಿದರು. "ಬಿಳಿ. ಹೆಡ್ ಗ್ಯಾಸ್ಕೆಟ್ ಹೋಗಿದೆ."

ನಾನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಇದ್ದೆ. ನನ್ನ ಮೂಗಿಗೆ ಬಂದದ್ದು ಸೀದ ಎಣ್ಣೆಯ ವಾಸನೆ. ಬೋಂಡದ ಬಾಣಲೆಯನ್ನು ಒಲೆ ಮೇಲೆ ಮರೆತು ಹೋದರೆ ಬರುತ್ತದಲ್ಲ, ಅದೇ. ಮೇಸ್ತ್ರಿ ಅವರೋ ನಾನೋ ಎಂದು ಸುಮ್ಮನಾದೆ.

ಹೊಸ ಗ್ಯಾಸ್ಕೆಟ್ ಹಾಕಿದರು. ಹೊಗೆ ಹಾಗೇ ಇತ್ತು. "ಗ್ಯಾಸ್ಕೆಟ್ ಡೂಪ್ಲಿಕೇಟು," ಎಂದು ಅಂಗಡಿಯವನನ್ನು ಬೈದು ಇನ್ನೊಂದು ತಂದು ಹಾಕಿದರು. ಹೊಗೆ ಹಾಗೇ ಇತ್ತು. ಮೂರನೆಯದಕ್ಕೆ ಅಂಗಡಿಯನ್ನೇ ಬದಲಿಸಿದರು. ಲಾರಿ ಮೊದಲಿಗಿಂತ ಹುರುಪಿನಿಂದ ಹೊಗೆ ಬಿಟ್ಟಿತು.

ಲಾರಿ ಮಾಲೀಕರು ತಲೆ ಕೆರೆದುಕೊಂಡರು. "ಮೇಸ್ತ್ರಿ, ನಮ್ ತಮ್ಮಂಗೂ ಇಂಗೇ ಮೂರು ಹೆಣ್ಣು ತೋರ್ಸಿದೊ. ಆಮೇಲ್ ಗೊತ್ತಾಯ್ತು, ಅವ್ನಿಗೆ ಮದ್ವೆನೇ ಬೇಕಿರ್ನಿಲ್ಲ."

೨. ಬಿಳಿ ಸೀರೆ

ಅದಾದ ವಾರ ಚಾಮರಾಜಪುರಂನಲ್ಲಿ ನಂಟರ ಮನೆಯ ನಾಮಕರಣವಿತ್ತು. ನಾನು ಒಂದು ಆಕಾಶನೀಲಿ ಸೀರೆ ಉಟ್ಟೆ. ಹತ್ತು ವರ್ಷದ ಹಿಂದೆ ಯಜಮಾನರೇ ಆರಿಸಿ ತಂದ ಸೀರೆ ಅದು. ತಲೆ ಬಾಚಿ ಹೊರಗೆ ಬಂದರೆ, ಜಗುಲಿಯಲ್ಲಿ ಕೂತಿದ್ದವರು ನನ್ನನ್ನು ನೋಡಿ ಬೆಚ್ಚಿಬಿದ್ದರು.

"ಏನೇ ಇದು, ನಾಮಕರಣಕ್ಕೆ ಬಿಳಿ ಸೀರೆ! ನಾನಿನ್ನೂ ಇದೀನಲ್ಲೇ!"

ನಾನು ಮೊದಲು ತಮಾಷೆ ಎಂದುಕೊಂಡೆ. ಅವರ ಮುಖದಲ್ಲಿ ನಗು ಇರಲಿಲ್ಲ. ನನಗೆ ಸಿಟ್ಟು ಬಂದಾಗ, ಹೆದರಿಕೆಯಾದಾಗ, ಬಾಯಿಗೆ ಹುಟ್ಟೂರಿನ ಮಾತೇ ಬರುತ್ತದೆ. "ಹೌದ್ರೀ, ಇದು ಬಿಳೀದು ಕಾಣಸ್ತದೇನು ನಿಮಗ?" ಎಂದೆ.

ಸೆರಗನ್ನು ಬಿಸಿಲಿಗೆ ಹಿಡಿದು ತೋರಿಸಿದೆ. ಗ್ಯಾಸ್ ಸಿಲಿಂಡರಿನ ನೀಲಿ ಜ್ವಾಲೆ ತೋರಿಸಿದೆ. ಬಟ್ಟೆಗೆ ಹಾಕುವ ನೀಲಿಯ ಸೀಸೆ ತೋರಿಸಿದೆ. ಒಂದೊಂದಕ್ಕೂ ಬಿಳಿ, ಬೂದಿ, ಕಪ್ಪು ಎಂದರು. ಮುಖವನ್ನು ಬಿಸಿಲಿಗೆ ತಿರುಗಿಸಿ ನೋಡಿದರೆ, ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎಲ್ಲಾ ಬಣ್ಣದ ಮೇಲೂ ಚಹಾ ಚೆಲ್ಲಿದ ಹಾಗೆ ಕಾಣುತ್ತಿತ್ತಂತೆ. ಎರಡು ವರ್ಷದಿಂದ ಹಾಗೇ ಇತ್ತಂತೆ.

"ಮತ್ತೆ ಯಾಕ್ರೀ ಹೇಳಲಿಲ್ಲ?"

"ಮೈಸೂರಲ್ಲಿ ಧೂಳು ಜಾಸ್ತಿ ಆಗಿದೆ ಅಂದ್ಕೊಂಡಿದ್ದೆ ಕಣೇ."

೩. ಮೂರು ಪಾತ್ರೆ

ಆಪರೇಷನ್ ಮಾಡಿಸಿಕೊಳ್ಳಿ ಎಂದರೆ ಸುತರಾಂ ಒಪ್ಪಲಿಲ್ಲ. "ನನ್ನ ಹೆಸರು ಇರೋದೇ ಕಣ್ಣಲ್ಲಿ. ಕಣ್ಣಿಗೆ ಪಟ್ಟಿ ಕಟ್ಕೊಂಡಿರೋ ಮೇಸ್ತ್ರಿ ಹತ್ರ ಯಾವನು ಗಾಡಿ ತರ್ತಾನೆ? ಮೇಸ್ತ್ರಿ ಕುರುಡಾದ ಅಂತ ನಾಳೆನೇ ಊರೆಲ್ಲ ಮಾತಾಡ್ತಾರೆ," ಎಂದರು.

ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಲಾರಿಯವರು ಮೇಸ್ತ್ರಿಯ ಮಾತು ನಂಬಿ ಬರುವವರು. ಆ ಮಾತಿನ ಬೆಲೆ ಒಮ್ಮೆ ಹೋದರೆ ಅವರೂ ಹೋದ ಹಾಗೇ. ಅದಕ್ಕೆ ನಾನೇ ಒಂದು ದಾರಿ ಹುಡುಕಿದೆ. ನಾನು ಒಲೆಯ ಮುಂದೆ ಹುಟ್ಟಿ ಬೆಳೆದವಳು, ಹೊಗೆಯ ವಾಸನೆ ನನಗೆ ಹೊಸದಲ್ಲ. ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ನಾನು ಅಡುಗೆ ಮನೆ ಕಿಟಕಿಯಿಂದ ನೋಡಿ, ಮೂಸಿ, ಬಂದವರಿಗೆ ಕುಡಿಯಲು ಏನಾದರೂ ತರುವುದು. ಕಪ್ಪು ಹೊಗೆಗೆ ಅಗಲ ಬಾಯಿಯ ಡಬರಿಯಲ್ಲಿ ಕಾಫಿ. ಬಿಳಿ ಹೊಗೆಗೆ ಉದ್ದ ಸ್ಟೀಲ್ ಲೋಟದಲ್ಲಿ ಮಜ್ಜಿಗೆ. ನೀಲಿಗೆ ಏನು ಎಂಬುದೇ ತಲೆನೋವಾಯಿತು. ನೀಲಿ ಬಣ್ಣದ್ದು ಕುಡಿಯುವಂಥದ್ದು ನಮ್ಮ ಮನೆಯಲ್ಲಿ ಯಾವುದಿದೆ? ಕೊನೆಗೆ ಹಿತ್ತಾಳೆ ಲೋಟದಲ್ಲಿ ಶುಂಠಿ ಕಷಾಯ ಎಂದು ತೀರ್ಮಾನವಾಯಿತು. ಪಾತ್ರೆಯ ಆಕಾರ ನೋಡಿದರೆ ಅವರಿಗೆ ಗೊತ್ತಾಗುತ್ತಿತ್ತು.

ಮೊದಲ ದಿನ ಕಲ್ಲಿನ ಲಾರಿಯೊಂದು ಬಂತು. ನಾನು ಮಜ್ಜಿಗೆ ತಂದೆ. ಯಜಮಾನರು ಲೋಟ ನೋಡಿ, ಆಮೇಲೆ ಗಂಭೀರವಾಗಿ ಹೊಗೆ ನೋಡಿ, "ಬಿಳಿ. ಹೆಡ್ ಗ್ಯಾಸ್ಕೆಟ್," ಎಂದರು. ಬಿಚ್ಚಿದರೆ ಗ್ಯಾಸ್ಕೆಟ್ ನಿಜವಾಗಿಯೂ ಸುಟ್ಟು ಸೀಳಿಹೋಗಿತ್ತು. ನನಗೆ ಹೆಮ್ಮೆಯಾಯಿತು. ಸಂಜೆ ಅವರು ಜಗುಲಿಯಲ್ಲಿ ಕಾಲು ಚಾಚಿ ಕೂತು ನನಗೇ ಹೇಳಿದರು:

"ನೋಡ್ದೇನೇ? ಇನ್ನೂ ನನ್ನ ಲೆಕ್ಕ ತಪ್ಪೋದಿಲ್ಲ."

೪. ಎದುರು ಮನೆಯವರು

ಎದುರಿಗೆ ಹೊಸ ಮನೆ ಕಟ್ಟಿಸಿದ ಒಬ್ಬ ನಿವೃತ್ತ ಟೀಚರಮ್ಮ ಇದ್ದಾರೆ. ಒಂದು ದಿನ ನಮ್ಮ ಹೊಗೆಯ ಮೇಲೆ ದೂರು ಹೇಳಲೆಂದೇ ನಡೆದುಕೊಂಡು ಬಂದರು. ಮನೆಗೆ ಬಂದವರಿಗೆ ಏನೂ ಕೊಡದೆ ಇರಲಾಗುತ್ತದೆಯೇ? ನಾನು ಡಬರಿಯಲ್ಲಿ ಕಾಫಿ ತಂದೆ.

ಯಜಮಾನರು ಲಾರಿಯೊಂದರ ಅಡಿಯಲ್ಲಿ ಮಲಗಿ ಕೆಲಸ ಮಾಡುತ್ತಿದ್ದರು. ಅವರಿಗೆ ಕಂಡದ್ದು ಎರಡು ಕಾಲು, ಒಂದು ಡಬರಿ. ಅಲ್ಲಿಂದಲೇ ಕೂಗಿ ಹೇಳಿದರು:

"ಏನೂ ಹೆದರ್ಬೇಡಿ. ಉಸಿರಾಟದ ತೊಂದರೆ ಅಷ್ಟೇ. ಫಿಲ್ಟರ್ ಬಿಚ್ಚಿ ಜೋರಾಗಿ ಗಾಳಿ ಹೊಡೆದ್ರೆ ಸರಿಹೋಗತ್ತೆ. ಅಲ್ಲೇ ಸೈಡಿಗೆ ನಿಂತ್ಕೊಳ್ಳಿ!"

ಟೀಚರಮ್ಮ ಕಾಫಿಯನ್ನು ಅಲ್ಲೇ ಇಟ್ಟು ಹೋದರು. ಆಮೇಲೆ ದೂರು ಬರಲಿಲ್ಲ. ಆದರೆ ನಮ್ಮ ಗೇಟಿನ ಮುಂದೆ ಹಾದುಹೋಗುವಾಗ ಅವರು ಉಸಿರು ಬಿಗಿಹಿಡಿಯುತ್ತಾರೆ.

೫. ಶುಕ್ರವಾರದ ಎಣ್ಣೆ

ತಿಂಗಳಾಗುವುದರಲ್ಲಿ ಡ್ರೈವರುಗಳಿಗೆ ಏನೋ ವಾಸನೆ ಹತ್ತಿತು. ಅವರಿಗೆ ಯಜಮಾನರ ಕಣ್ಣಿನ ವಿಷಯ ಗೊತ್ತಿರಲಿಲ್ಲ. ಆದರೆ ಮೇಸ್ತ್ರಿ ಮನೆಯಲ್ಲಿ ಕಾಫಿ ಸಿಕ್ಕರೆ ಸಣ್ಣ ಕೆಲಸ, ಕಷಾಯ ಸಿಕ್ಕರೆ ಇಂಜಿನ್ ಬಿಚ್ಚುತ್ತಾರೆ ಎಂಬುದನ್ನು ಕಂಡುಕೊಂಡಿದ್ದರು. ನಮ್ಮ ಮನೆಯಲ್ಲಿ ಏನೋ ಶಕುನ ಇದೆ ಎಂದು ಅವರ ನಂಬಿಕೆ. ಗಾಡಿ ನಿಲ್ಲಿಸಿದವನೇ ಒಬ್ಬ ಅಡುಗೆ ಮನೆ ಕಿಟಕಿಗೆ ಬಂದು ಕೈಮುಗಿದ: "ಅಮ್ಮಾ, ನಿಮ್ ಕಾಲಿಗೆ ಬೀಳ್ತೀನಿ, ಕಾಫಿ ಕೊಟ್ಬುಡಿ. ಇಲ್ದಿದ್ರೆ ನೀರಾದ್ರೂ ಕೊಡಿ."

ಇಂಥ ಹೊತ್ತಿನಲ್ಲಿ ಆ ಇಟ್ಟಿಗೆ ಲಾರಿ ಮತ್ತೆ ಬಂತು. ಎಫ್.ಸಿ.ಗೆ ಇನ್ನು ಮೂರು ವಾರ ಉಳಿದಿತ್ತು. ಅದೇ ಹೊಗೆ, ಅದೇ ಬೋಂಡದ ಬಾಣಲೆ. ಏನು ಮಾಡಲಿ? ಹಿತ್ತಾಳೆ ಲೋಟ ಎತ್ತಿಕೊಂಡು ಹೊರಟೆ. ನನ್ನ ಕೈಯಲ್ಲಿದ್ದುದನ್ನು ನೋಡಿ ಲಾರಿ ಮಾಲೀಕರು ಎರಡು ಹೆಜ್ಜೆ ಹಿಂದೆ ಸರಿದರು.

"ನಂಗ್ ಕಷಾಯ ಬ್ಯಾಡ ಕಣಮ್ಮ."

"ಶುಂಠಿ ಹಾಕಿದೀನಿ, ಒಳ್ಳೇದು."

"ನೆಗಡಿ ಇಲ್ಲ, ಕೆಮ್ಮಿಲ್ಲ, ಕಲ್ಲಿನಂಗಿವ್ನಿ. ಬ್ಯಾಡಿ!"

ಅಷ್ಟರಲ್ಲಿ ಯಜಮಾನರು ಲೋಟ ನೋಡಿಯಾಗಿತ್ತು. "ನೀಲಿ. ರಿಂಗ್ ಹೋಗಿದೆ. ಬಿಚ್ಚಬೇಕು," ಎಂದರು.

ಲಾರಿ ಮಾಲೀಕರು ಹಳೇ ಟಯರಿನ ಮೇಲೆ ಕುಸಿದು ಕೂತರು. ಇಂಜಿನ್ ಪೂರ್ತಿ ಬಿಚ್ಚಿಸುವ ಶಕ್ತಿ ಅವರಿಗಿರಲಿಲ್ಲ. "ಆಯ್ತು ಬುಡಿ, ನಾಳೆ ಗುಜರಿಯವ್ನಿಗೆ ಹೇಳ್ತೀನಿ," ಎಂದು, ಬೇಡ ಎಂದಿದ್ದ ಕಷಾಯವನ್ನೇ ಈಸಿಕೊಂಡು ಗಟಗಟ ಕುಡಿದರು. ಕಣ್ಣಲ್ಲಿ ನೀರಿತ್ತು. ಅದು ಶುಂಠಿಯ ಖಾರಕ್ಕೆ ಬಂದದ್ದಲ್ಲ.

"ಎಂಗ್ ನೋಡ್ಕಂಡಿದ್ದೆ ಗೊತ್ತಾ ಅಮ್ಮಾ ಇವಳ್ನ? ಶುಕ್ರವಾರ ಶುಕ್ರವಾರ ತೊಳ್ದು, ಅರಿಸಿನ ಕುಂಕುಮ ಇಕ್ಕಿ, ದೀಪಕ್ಕೆ ಎಣ್ಣೆ ಬುಟ್ಟು, ಇವಳಿಗೂ ಒಂದ್ ಲೀಟ್ರು ಬುಟ್ಟು..."

"ಒಂದು ಲೀಟರ್ ಏನು?"

"ಆಯಿಲ್ ಕಣಮ್ಮ, ಇಂಜಿನ್ ಆಯಿಲ್. ವಯಸ್ಸಾದ್ ಇಂಜಿನ್ನು ಎಣ್ಣೆ ಜಾಸ್ತಿ ಕೇಳ್ತದೆ ಅಂತ ಯಾರೋ ಅಂದ್ರು. ಆವತ್ತಿಂದ ಒಂದ್ ಶುಕ್ರವಾರನೂ ತಪ್ಸಿಲ್ಲ."

"ಎಷ್ಟಿದೆ ಅಂತ ಕಡ್ಡಿ ಎಳೆದು ನೋಡಿ ಹಾಕ್ತೀರಾ?"

ಅವರು ನನ್ನನ್ನು ಏನೂ ತಿಳಿಯದವಳು ಎಂಬಂತೆ ನೋಡಿದರು. "ದೇವ್ರ ದೀಪಕ್ಕೆ ಯಾರಾದ್ರೂ ಕಡ್ಡಿ ಅದ್ದಿ ನೋಡ್ತಾರಾ ಅಮ್ಮಾ?"

ಯಜಮಾನರು ಎದ್ದು ಆಯಿಲ್ ಕಡ್ಡಿ ಎಳೆದು ನನ್ನ ಕೈಗೆ ಕೊಟ್ಟರು. ಆಯಿಲ್ ಇರಬೇಕಾದ ಗೀಟಿಗಿಂತ ಗೇಣು ಮೇಲಕ್ಕಿತ್ತು. ಅಷ್ಟು ಹೆಚ್ಚಾದರೆ ಯಾವ ಇಂಜಿನ್ ತಾನೇ ಆಯಿಲ್ ಸುಡದೆ ಇರುತ್ತದೆ? ಅಡಿಯ ನಟ್ಟು ಬಿಚ್ಚಿ ಹೆಚ್ಚಿನದನ್ನು ಬಕೆಟ್ಟಿಗೆ ಇಳಿಸಿದರು. ಒಂದು ಸುತ್ತು ಓಡಿಸಿಕೊಂಡು ಬರುವಷ್ಟರಲ್ಲಿ ಹೊಗೆ ಊದುಬತ್ತಿಯಷ್ಟಾಗಿತ್ತು.

ಲಾರಿ ಮಾಲೀಕರು ಬಕೆಟ್ಟಿನೊಳಗೆ ಇಣುಕಿ ಗಾಬರಿಯಿಂದ ಕೇಳಿದರು: "ಮೇಸ್ತ್ರಿ, ಇಷ್ಟೂ ಕುಡ್ದು ಇವ್ಳು ನನ್ನ ಸರಿಯಾದ್ ದಾರೀಲೇ ಮನೆ ಮುಟ್ಟುಸ್ತಿದ್ಲಾ?"

೬. ಬೀದರ್‌ಗೆ ಹೋದವರು

ಆ ಮಧ್ಯಾಹ್ನ ಯಜಮಾನರು ಊಟ ಸರಿಯಾಗಿ ಮಾಡಲಿಲ್ಲ. ಗ್ಯಾಸ್ಕೆಟ್ ಬದಲಿಸಿದ ದಿನವೇ ಅವರು ಆ ಕಡ್ಡಿಯನ್ನು ಎಳೆದು ನೋಡಿದ್ದರಂತೆ. ಗೀಟು ಕಾಣದೆ, ಕಾಣಲಿಲ್ಲ ಎಂದು ಹೇಳಲೂ ಆಗದೆ, ಒರೆಸಿ ವಾಪಸ್ ಇಟ್ಟಿದ್ದರಂತೆ. "ಒಂದು ಒಳ್ಳೇ ಗಾಡೀನ ಸಾಯಿಸ್ತಿದ್ದೆ ಕಣೇ," ಎಂದರು. ನಾನು ಮಜ್ಜಿಗೆ ಬಡಿಸಿದೆ. "ಆಯ್ತು, ಆಪರೇಷನ್‌ಗೆ ಹೋಗೋಣ. ಆದ್ರೆ ಯಾರಿಗೂ ಗೊತ್ತಾಗ್ಬಾರ್ದು," ಎಂದರು.

ಎರಡು ವಾರ ಕಳೆದು, ಹೆಂಡತಿಯ ತವರಿಗೆ, ಬೀದರ್‌ಗೆ ಹೋಗುತ್ತಿದ್ದೇವೆ ಎಂದು ಎಲ್ಲರಿಗೂ ಹೇಳಿ ಶೆಡ್ಡಿಗೆ ಬೀಗ ಹಾಕಿದೆವು. ನಲವತ್ತೈದು ವರ್ಷದಲ್ಲಿ ನನ್ನನ್ನು ತವರಿಗೆ ಕರೆದುಕೊಂಡು ಹೋಗಿದ್ದು ಐದು ಸಲ. ಆರನೆಯ ಸಲ ಮೈಸೂರಿನದೇ ಯಾದವಗಿರಿಯ ಒಂದು ಕಣ್ಣಾಸ್ಪತ್ರೆಯಲ್ಲಿ ಮುಗಿಯಿತು.

ಆಪರೇಷನ್ ಕೋಣೆಯ ಹೊರಗೆ ಬೆಂಚಿನ ಮೇಲೆ ಆರೇಳು ಜನ ಹಸಿರು ಟೋಪಿ ಹಾಕಿಕೊಂಡು ಸಾಲಾಗಿ ಕೂತಿದ್ದರು. ಯಜಮಾನರ ಪಕ್ಕದವರು ಕೆಮ್ಮಿದರು. ಯಜಮಾನರ ಕಿವಿ ನಿಮಿರಿತು. ಊರಿನ ಆ ತುದಿಯಲ್ಲಿ ಡೀಸೆಲ್ ಪಂಪು ರಿಪೇರಿ ಮಾಡುವ ಇನ್ನೊಬ್ಬ ಹಳೇ ಮೇಸ್ತ್ರಿಯ ಕೆಮ್ಮು ಅದು. ಇಬ್ಬರಿಗೂ ಮೂವತ್ತು ವರ್ಷದ ಪೈಪೋಟಿ.

"ಏನ್ರೀ, ನೀವು ತಿರುಪತಿಗೆ ಹೋಗಿದೀರಿ ಅಂದ್ರು?" ಎಂದು ಯಜಮಾನರು ಕೇಳಿದರು.

"ನೀವು ಬೀದರ್‌ನಲ್ಲಿ ಇದೀರಿ ಅಂದ್ರು?"

ಇಬ್ಬರೂ ಎದುರಿನ ಗೋಡೆಯ ಕಡೆ ಮುಖ ತಿರುಗಿಸಿದರು. ಗೋಡೆ ಇಬ್ಬರಿಗೂ ಸರಿಯಾಗಿ ಕಾಣುತ್ತಿರಲಿಲ್ಲ.

"ಅಲ್ಲಿ ಹೇಗಿದೆ ಬಿಸಿಲು?" ಎಂದರು ಪಂಪು ಮೇಸ್ತ್ರಿ.

"ಜಾಸ್ತಿ ಇದೆ. ನಿಮಗೆ ದರ್ಶನ ಆಯ್ತಾ?"

"ಇಲ್ಲ. ಕ್ಯೂ ಇದೆ. ನಿಮ್ಮ ಹಿಂದಿನ ನಂಬರ್ ನಂದು."

೭. ಹೊಸ ಕಣ್ಣು

ಒಂದು ಕಣ್ಣಿನ ಆಪರೇಷನ್ ಆಗಿ, ಮಾರನೇ ದಿನ ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಹಾಕಿ ಕಳಿಸಿದರು. ಡಾಕ್ಟರು ಯಜಮಾನರಿಗೆ ಏನೇನೋ ಹೇಳಿದರು. ನಾನು ಔಷಧಿ ತರಲು ಹೋಗಿದ್ದೆ. "ಏನಂದ್ರು?" ಎಂದರೆ, "ಎಲ್ಲಾ ಚೆನ್ನಾಗಿ ಕಾಣತ್ತೆ ಅಂದ್ರು," ಎಂದಷ್ಟೇ ಹೇಳಿದರು. ಧೂಳು ಹೊಗೆಯ ಹತ್ತಿರ ಹೋಗಬಾರದು ಎಂಬುದನ್ನು ಮಾತ್ರ ನರ್ಸಮ್ಮ ನನಗೂ ಹೇಳಿದ್ದರು. ಕನ್ನಡಕ ಯಾಕೆ ಎಂದು ಕೇಳಿದವರಿಗೆಲ್ಲ ಬೀದರ್ ಬಿಸಿಲಿನ ಮೇಲೆ ತಪ್ಪು ಹೊರಿಸಿದರು.

ಮನೆಗೆ ಬಂದ ನಾಲ್ಕನೇ ಬೆಳಿಗ್ಗೆ ಇಟ್ಟಿಗೆ ಲಾರಿ ಬಂತು. ಮಾರನೇ ದಿನವೇ ಎಫ್.ಸಿ. ಧನುರ್ಮಾಸದ ಚಳಿ. ಲಾರಿ ಮಾಲೀಕರು ಧೈರ್ಯಕ್ಕೆ ಇಬ್ಬರು ಡ್ರೈವರುಗಳನ್ನೂ ಕರೆದುಕೊಂಡು ಬಂದಿದ್ದರು. "ನಂಗೆ ಎಲ್ಲಾ ಸರಿಯಾಗೇ ಕಾಣ್ತದೆ ಮೇಸ್ತ್ರಿ. ಆದ್ರೂ ನೀವೊಂದ್ ಮಾತು ಅಂದ್ಬುಟ್ರೆ ನೆಮ್ಮದಿಯಾಗ್ ಹೋಗ್ತೀನಿ. ನೀವು ಬ್ಯಾಡ ಅಂದ್ರೆ ಹೋಗಾಕಿಲ್ಲ, ಇಲ್ಲಿಂದ್ಲೇ ಗುಜರಿಗೆ," ಎಂದರು.

ಯಜಮಾನರು ನನ್ನ ಕಡೆ ತಿರುಗಿ ಮೆಲ್ಲಗೆ, "ಇವತ್ತು ನೀನು ಏನೂ ತರ್ಬೇಡ," ಎಂದರು. ಎರಡು ವರ್ಷದ ಮೇಲೆ ಅವರು ತಮ್ಮದೇ ಕಣ್ಣಿನಿಂದ ಹೊಗೆ ನೋಡುವ ದಿನ. ನಾನು ಬಾಗಿಲಲ್ಲೇ ನಿಂತೆ. ಅವರು ಜಗುಲಿಯ ಮೇಲೆ ನಿಂತು, ಮದುವೆ ಗಂಡು ಬಾಸಿಂಗ ಸರಿಸಿದ ಹಾಗೆ, ಕನ್ನಡಕ ತೆಗೆದರು.

"ಹೊಡೀರಿ ಸ್ಟಾರ್ಟು!"

ಲಾರಿ ಎರಡು ಸಲ ಕೆಮ್ಮಿ ಹೊತ್ತಿಕೊಂಡಿತು. ಹೊಗೆ ಬಂತು. ಯಜಮಾನರ ಮುಖ ಅರಳಿದ್ದು ಹಾಗೇ ಬಾಡಿತು.

"ನೀಲಿ," ಎಂದರು. "ಎಷ್ಟು ಚೆನ್ನಾಗಿ ಕಾಣ್ತಿದೆ. ಅಪ್ಪಟ ನೀಲಿ. ರಿಂಗ್ ಹೋಗಿದೆ ಕಣಯ್ಯಾ. ಬಿಚ್ಚಲೇಬೇಕು."

ಲಾರಿ ಮಾಲೀಕರು ಬಾನೆಟ್ಟಿನ ಮೇಲೆ ಕೈಯಿಟ್ಟು ತಲೆ ತಗ್ಗಿಸಿದರು. ನಾನು ಮೂಗು ಎಳೆದೆ. ಎಣ್ಣೆ ವಾಸನೆ ಇರಲಿಲ್ಲ. ಇಂಜಿನ್ನಿನೊಳಗೆ ನೀರು ಸೇರಿದಾಗ ಬರುವ, ಬೆಲ್ಲ ಸೀದಂಥ ವಾಸನೆಯೂ ಇರಲಿಲ್ಲ. ಚಳಿಯಲ್ಲಿ ನಮ್ಮ ನಿಮ್ಮ ಬಾಯಿಂದ ಬರುತ್ತದಲ್ಲ, ಅಂಥದೇ ಬಿಳೀ ಹಬೆ. ಇನ್ನೆರಡು ನಿಮಿಷಕ್ಕೆ ಕರಗುವಂಥದ್ದು. ಆದರೆ ನಾಲ್ಕು ಜನರ ಮುಂದೆ ಹೇಗೆ ಹೇಳಲಿ? ಹೇಳಿದರೆ ಅವರ ಮಾತು ಹೋಗುತ್ತದೆ, ಹೇಳದಿದ್ದರೆ ಆ ಬಡಪಾಯಿಯ ಲಾರಿ ಹೋಗುತ್ತದೆ.

"ರೀ, ಇಡ್ಲಿ ಆಗಿದೆ. ಮೊದಲು ಒಳಗೆ ಬನ್ನಿ," ಎಂದು ಕೂಗಿದೆ.

"ಇಂಥಾ ಹೊತ್ತಲ್ಲಿ ಇಡ್ಲಿನಾ!" ಎಂದು ಗೊಣಗುತ್ತಾ ಬಂದರು. ಮಾತಾಡಿ ಒಪ್ಪಿಸೋಣ ಎಂದು ಅವರ ಹಿಂದೆಯೇ ಲಾರಿ ಮಾಲೀಕರೂ ಬಂದು ಅಡುಗೆ ಮನೆ ಬಾಗಿಲಲ್ಲಿ ನಿಂತರು. ನನಗೆ ಅದು ಗೊತ್ತಾಗಲಿಲ್ಲ. ಯಜಮಾನರ ಹತ್ತಿರ ಮೆತ್ತಗೆ ಮಾತಾಡಬೇಕೆಂದು ಬಗ್ಗಿ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದೆ. ಭುಸ್ಸೆಂದು ಹಬೆ ಎದ್ದಿತು.

ಯಜಮಾನರು ಪಾತ್ರೆಯನ್ನೇ ನೋಡುತ್ತಾ ನಿಂತುಬಿಟ್ಟರು.

"ಲೇ, ಇದೂ ಆಯಿಲ್ ಸುಡ್ತಾ ಇದೆ."

ಅಷ್ಟಾದ ಮೇಲೆ ಡಾಕ್ಟರ ಮಾತು ಅವರ ಬಾಯಿಂದ ಹೊರಗೆ ಬಂತು. ಪೊರೆ ಇರುವ ತನಕ ನೀಲಿ ಒಳಗೆ ಬರುವುದೇ ಇಲ್ಲವಂತೆ. ಅದನ್ನು ತೆಗೆದ ಮೇಲೆ ಕೆಲವರಿಗೆ ಸ್ವಲ್ಪ ದಿನ ಎಲ್ಲದರ ಮೇಲೂ ನೀಲಿ ಕಾಣುತ್ತದಂತೆ. "ಅದೆಲ್ಲ ಬೇರೆಯೋರಿಗೆ ಹೇಳಿದ್ದು ಅಂದ್ಕೊಂಡಿದ್ದೆ," ಎಂದರು. ಹಿಂದೆ ತಿರುಗಿದರೆ ಲಾರಿ ಮಾಲೀಕರು ಬಾಯಿ ತೆರೆದುಕೊಂಡು ನಿಂತಿದ್ದಾರೆ. ಪೊರೆ, ಆಪರೇಷನ್, ಬೀದರ್, ಎಲ್ಲಾ ಅವರ ಕಿವಿಗೆ ಬಿದ್ದಾಗಿತ್ತು.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಯಜಮಾನರು ಕನ್ನಡಕ ಹಾಕಿಕೊಂಡು, ಎದೆ ಸೆಟೆಸಿ ಹೊರಗೆ ಹೋಗಿ ಡ್ರೈವರುಗಳಿಗೂ ಕೇಳುವ ಹಾಗೆ ಹೇಳಿದರು:

"ಗಾಡಿ ಸರಿಯಾಗಿದೆ. ನಾನೇ ಕಣ್ಣು ಬಿಚ್ಚಿಸಿ ಬೇರೆ ಹಾಕಿಸಿದೀನಿ. ಅದಿನ್ನೂ ಹೊಸ ಇಂಜಿನ್ನು, ಸೆಟ್ ಆಗೋಕೆ ಸ್ವಲ್ಪ ದಿನ ಬೇಕು. ಅಲ್ಲೀವರೆಗೂ ಹೊಗೆ ನೋಡೋದು ನಮ್ಮನೆಯವಳು. ಏನಂತೀಯೇ?"

"ಬಿಳಿ," ಎಂದೆ. "ಚಳಿಗೆ ಬಂದಿರೋದು. ಹೋಗಿ ಬನ್ನಿ."

ಒಬ್ಬನೂ ನಗಲಿಲ್ಲ. ಒಬ್ಬ ಡ್ರೈವರು ಮಾತ್ರ ಮುಂದೆ ಬಂದು, ಆಸ್ಪತ್ರೆ ಎಲ್ಲಿ, ನೋವಾಗುತ್ತದೆಯೇ, ಎಂದು ತನ್ನ ಅಪ್ಪನಿಗಾಗಿ ವಿಚಾರಿಸಿಕೊಂಡ.

ಮಾರನೇ ದಿನ ಹನ್ನೊಂದು ಗಂಟೆಗೆ ಲಾರಿ ಮಾಲೀಕರ ಫೋನು ಬಂತು. ಅವರು ಮಾತಾಡುವ ಮೊದಲೇ ಹಿಂದಿನಿಂದ ಲಾರಿಯ ಹಾರ್ನು ಉದ್ದಕ್ಕೆ ಕೇಳಿಸಿತು.

"ಅಮ್ಮಾ, ಪಾಸು! ಮೇಸ್ತ್ರಿಗೆ ಹೇಳ್ಬುಡಿ!" ಎಂದು ಕಿರುಚಿದರು. ಆಮೇಲೆ ದನಿ ತಗ್ಗಿಸಿದರು: "ಇಲ್ಲಿ ಸಾಹೇಬ್ರು ಒಳ್ಳೇರವ್ರೆ ಕಣಮ್ಮ. ಮನಸ್ ಮಾಡಿದ್ರೆ ಆ ಇಡ್ಲಿ ಪಾತ್ರೆನೂ ತಂದ್ಬುಡಿ, ಒಂದೇ ಸಲಕ್ಕೆ ಅದರದ್ದೂ ಎಫ್.ಸಿ. ಮಾಡಿಸ್ಬುಡನ."